ಸಿಗರೇಟ್ ಸ್ನಫರ್ ಮತ್ತು ಜೇಬಿನ ಬೂದಿಬಟ್ಟಲು

ಅರ್ಧ ಸೇದಿದ ಸಿಗರೇಟಿನ ಕೆಂಡವನ್ನು ಆರಿಸಿ, ಉಳಿದ ತುಂಡನ್ನು ಮತ್ತೆ ಸೇದಲು ಬರುವಂತೆ ಕಾಪಾಡುವ ಪುಟ್ಟ ಸಾಧನವೇ ಸ್ನಫರ್. ಹಿತ್ತಾಳೆ, ಅಲ್ಯೂಮಿನಿಯಂ ಇಲ್ಲವೇ ಉಕ್ಕಿನ ಒಂದು ಕೊಳವೆ. ಅದರ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದಕ್ಕೆ ತಿರುಪಿನ ಮುಚ್ಚಳ. ಬೀಗದಕೈ ಗೊಂಚಲಿಗೆ ಸಿಕ್ಕಿಸಿಕೊಳ್ಳಲು ಒಂದು ಬಳೆಯೂ ಇರುವುದುಂಟು. ಇದರ ದಾಯಾದಿ ಜೇಬಿನ ಬೂದಿಬಟ್ಟಲು. ಅದರ ಕೆಲಸ ಮೋಟನ್ನು ಉಳಿಸುವುದಲ್ಲ, ಕಸದ ಬುಟ್ಟಿ ಸಿಗುವ ತನಕ ಬಚ್ಚಿಡುವುದು. ಅಂಗಡಿಯಲ್ಲಿ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಮಾರುತ್ತಾರೆ. ಕೊಂಡವರು ಒಂದನ್ನು ಇನ್ನೊಂದರ ಕೆಲಸಕ್ಕೆ ಬಳಸುವುದೂ ಇದೆ. ಆದರೆ ಒಂದು ಹುಟ್ಟಿದ್ದು ತಂಬಾಕಿನ ಬರದಲ್ಲಿ, ಇನ್ನೊಂದು ಊರಿನ ಅಚ್ಚುಕಟ್ಟಿನ ಚಿಂತೆಯಲ್ಲಿ. ಒಂದು ಕಾಲಕ್ಕೆ ಸ್ವತ್ತಾಗಿದ್ದ ಮೋಟು ಕಸವಾದದ್ದು ಹೇಗೆ ಎಂಬುದನ್ನು ಈ ಎರಡು ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಹೆಸರು

ಸ್ನಫರ್ ಎಂಬ ಹೆಸರು ಮೇಣದಬತ್ತಿಯಿಂದ ಬಂದದ್ದು. ಇಂಗ್ಲಿಷಿನಲ್ಲಿ ಮೊದಲು ಈ ಮಾತು ಸುಟ್ಟು ಕರಿಕಾದ ಬತ್ತಿಯ ಕುಡಿಯನ್ನು ಕತ್ತರಿಸುವ ಕತ್ತರಿಗೆ ಸಲ್ಲುತ್ತಿತ್ತು. ಉರಿಯ ಮೇಲೆ ಕವುಚಿ ಆರಿಸುವ ಗಂಟೆಯಾಕಾರದ ಟೊಪ್ಪಿಗೆಗೆ ಬೇರೆ ಹೆಸರಿತ್ತು. ಕತ್ತರಿ ಮರೆತುಹೋದ ಮೇಲೆ ಅದರ ಹೆಸರು ಟೊಪ್ಪಿಗೆಗೆ ಬಂತು, ಅಲ್ಲಿಂದ ಸಿಗರೇಟಿನ ಕೊಳವೆಗೆ ಇಳಿಯಿತು. ಕನ್ನಡದಲ್ಲಿ ಈ ಸಾಧನಕ್ಕೆ ನೆಲೆನಿಂತ ಹೆಸರಿಲ್ಲ. ದೀಪ ಆರಿಸು ಎನ್ನಲು ಬಾಯಿಬಾರದೆ 'ದೀಪ ಶಾಂತ ಮಾಡು' ಎನ್ನುವ ನಮ್ಮ ಮನೆಮಾತು ಸಿಗರೇಟಿಗೆ ಆ ಮರ್ಯಾದೆ ಕೊಟ್ಟಿಲ್ಲ. ಅದನ್ನು ನಾವು ಹೊಸಕುತ್ತೇವೆ.

ಉಳಿದ ತುಂಡಿಗೆ ಮಾತ್ರ ಎಲ್ಲ ಭಾಷೆಗಳೂ ಪ್ರೀತಿಯಿಂದ ಹೆಸರಿಟ್ಟಿವೆ. ಕನ್ನಡದ ಮೋಟು ಬೀಡಿ, ತುಂಡು ಸಿಗರೇಟುಗಳು ಎಲ್ಲರಿಗೂ ಗೊತ್ತು. ರಷ್ಯನ್ನರು ಅದನ್ನು 'ಬಿಚೋಕ್' ಎನ್ನುತ್ತಾರೆ, ಅಂದರೆ ಹೋರಿಗರು. ಅಮೆರಿಕದ ಬೀದಿಮಾತಿನಲ್ಲಿ ನೆಲದಿಂದ ಹೆಕ್ಕಿದ ಮೋಟು 'ಸ್ನೈಪ್'. ಅದು ಕೆಸರಿನಲ್ಲಿ ಕೊಕ್ಕಾಡಿಸುವ ಒಂದು ಹಕ್ಕಿಯ ಹೆಸರೂ ಹೌದು. ಫ್ರೆಂಚರ 'ಮೆಗೊ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕ್ರಿಯಾಪದವನ್ನೇ ಹುಟ್ಟಿಸಿದೆ: 'ಮೆಗೊಟೆ' ಎಂದರೆ ಜಿಪುಣತನ ಮಾಡು, ಕಾಸಿಗೆ ಕಾಸು ಲೆಕ್ಕ ಹಾಕು.

ಕೆಂಡ ಆರುವ ಬಗೆ

ಸಿಗರೇಟು ಜ್ವಾಲೆಯಾಗಿ ಉರಿಯುವುದಿಲ್ಲ, ಒಲೆಯ ಬೂದಿಯೊಳಗಿನ ಕೆಂಡದಂತೆ ಕನಲುತ್ತದೆ. ದಮ್ಮು ಎಳೆದ ಕ್ಷಣ ಕೆಂಡದ ಉಷ್ಣತೆ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಎರಡು ದಮ್ಮುಗಳ ನಡುವೆ ನೂರಾರು ಡಿಗ್ರಿ ಇಳಿದು, ತನ್ನ ಪಾಡಿಗೆ ತಾನು ತಂಬಾಕನ್ನು ತಿನ್ನುತ್ತ ಕೂರುತ್ತದೆ. ಅದು ಬದುಕಿರಲು ಎರಡು ಸಂಗತಿ ಬೇಕು. ಗಾಳಿ ಬರುತ್ತಿರಬೇಕು, ಹುಟ್ಟಿದ ಕಾವು ಹೊರಗೆ ಸೋರಿಹೋಗಬಾರದು. ಸ್ನಫರ್ ಈ ಎರಡಕ್ಕೂ ಕೈಹಾಕುತ್ತದೆ.

ಸಾಮಾನ್ಯ ಸಿಗರೇಟಿನ ಅಡ್ಡಳತೆ 8 ಮಿಲಿಮೀಟರ್‌ನ ಆಸುಪಾಸು. ಉದ್ದ ಹಳೆಯ ಗಿಡ್ಡ ಬಗೆಯಲ್ಲಿ 70, ಕಿಂಗ್ ಸೈಜಿನಲ್ಲಿ 84 ಮಿಲಿಮೀಟರ್. ಕೊಳವೆಯ ಬಾಯಿ ಇದಕ್ಕಿಂತ ಕೂದಲೆಳೆಯಷ್ಟೇ ಅಗಲವಾಗಿದ್ದರೆ ಕೆಂಡ ಲೋಹಕ್ಕೆ ಒತ್ತಿಕೊಂಡು ಕುಳಿತು, ತನ್ನ ಕಾವನ್ನು ಅದಕ್ಕೆ ಒಪ್ಪಿಸಿಬಿಡುತ್ತದೆ. ಇಲ್ಲಿ ಲೋಹದ ಗುಣ ಮುಖ್ಯ. ಅಲ್ಯೂಮಿನಿಯಮ್ಮಿನ ಉಷ್ಣವಾಹಕತೆ ಮೀಟರಿಗೆ, ಕೆಲ್ವಿನ್ನಿಗೆ ಸುಮಾರು 237 ವ್ಯಾಟ್. ಹಿತ್ತಾಳೆಯದು ಅದರ ಅರ್ಧದಷ್ಟು. ಸ್ಟೇನ್‌ಲೆಸ್ ಉಕ್ಕಿನದು ಬರೀ 15ರ ಆಸುಪಾಸು. ಆದ್ದರಿಂದ ದಪ್ಪ ಗೋಡೆಯ ಹಿತ್ತಾಳೆ ಕೊಳವೆ ಮುಚ್ಚಳವಿಲ್ಲದೆಯೂ ಕೆಂಡವನ್ನು ತಣಿಸಬಲ್ಲದು. ಫಳಫಳ ಹೊಳೆಯುವ ತೆಳು ಉಕ್ಕಿನ ಡಬ್ಬಿ ಮುಚ್ಚಳದ ಬಿಗಿಯನ್ನೇ ನೆಚ್ಚಿಕೊಳ್ಳಬೇಕು. ಅದರಲ್ಲಿ ಕೆಂಡ ಒಳಗಿನ ಆಮ್ಲಜನಕ ತೀರಿದ ಮೇಲಷ್ಟೇ ಆರುತ್ತದೆ. ಆತುರಪಟ್ಟು ಮುಚ್ಚಳ ತೆಗೆದರೆ ಬೂದಿ ಮುಚ್ಚಿದ ಕೆಂಡ ಮತ್ತೆ ಕಣ್ಣುಬಿಡುವುದೂ ಉಂಟು. ಸತ್ತಿತೆಂದುಕೊಂಡ ಸಿಗರೇಟು ಅಂಗಿಯ ಜೇಬು ಸುಟ್ಟ ಕಥೆಗಳ ಮೂಲ ಇದೇ.

ಉಳಿದ ವಿಧಾನಗಳಿಗೆಲ್ಲ ಒಂದೊಂದು ಕೊರತೆ. ಬೂದಿಬಟ್ಟಲಿನಲ್ಲಿ ಹೊಸಕಿದರೆ ಕಾಗದ ಹರಿದು ತಂಬಾಕು ಚೆಲ್ಲುತ್ತದೆ. ಕೆಂಡವನ್ನಷ್ಟೇ ಬೆರಳಿನಲ್ಲಿ ಸಿಡಿಸಿ ಹಾರಿಸುವ ಕೈಚಳಕದಲ್ಲಿ ಮೋಟೇನೋ ಉಳಿಯುತ್ತದೆ. ಹಾರಿದ ಕೆಂಡ ಎಲ್ಲಿ ಬಿತ್ತೆಂಬುದು ಬೇರೆ ಮಾತು. ನೀರಿಗೆ ಅದ್ದಿದರೆ ಉಳಿಸಲು ಏನೂ ಉಳಿಯುವುದಿಲ್ಲ.

ಕಾಪಾಡಿದ ಸಿಗರೇಟು ರುಚಿ ಕೆಟ್ಟಿರುತ್ತದೆ ಎಂಬ ದೂರು ಸ್ನಫರಿನಷ್ಟೇ ಹಳೆಯದು, ಅದಕ್ಕೆ ಕೊಳವೆಯನ್ನು ದೂರಿ ಫಲವಿಲ್ಲ. ಹೊಗೆ ತುದಿಯಿಂದ ಬಾಯಿಗೆ ಬರುವ ದಾರಿಯಲ್ಲಿ ಇನ್ನೂ ಸುಡದ ತಂಬಾಕೇ ಒಂದು ಜರಡಿ. ಟಾರು, ನಿಕೋಟಿನ್‌ಗಳ ಒಂದು ಪಾಲು ಅಲ್ಲೇ ತಣಿದು ಅಂಟಿಕೊಳ್ಳುತ್ತದೆ. ಹಾಗಾಗಿ ಅರ್ಧ ಸೇದಿದ ಸಿಗರೇಟಿನ ಉಳಿದರ್ಧ ಹೊಸದರ ಅರ್ಧಕ್ಕೆ ಸಮನಲ್ಲ. ಮೊದಲರ್ಧದ ಜಿಡ್ಡನ್ನೂ ಅದು ಹೊತ್ತಿರುತ್ತದೆ. ಕೊನೆಯ ದಮ್ಮುಗಳು ಖಾರವಾಗಿರುವುದು ಇದರಿಂದ. ಆರಿಸಿ, ಗಂಟೆಗಟ್ಟಲೆ ಮುಚ್ಚಿಟ್ಟು, ಕರಿಕಾದ ತುದಿಗೆ ಮತ್ತೆ ಬೆಂಕಿ ಕೊಟ್ಟಾಗ ಆ ಖಾರಕ್ಕೆ ಹಳಸಿದ ವಾಸನೆಯೂ ಸೇರುತ್ತದೆ. ಮುಚ್ಚಳಕ್ಕೆ ರಬ್ಬರ್ ಬಳೆ ಹಾಕಿದ ಕೊಳವೆಗಳು ಆ ವಾಸನೆಯನ್ನು ಜೇಬಿಗೆ ಬಿಡದೆ ತಡೆಯುತ್ತವೆ, ಬಾಯಿಗಲ್ಲ.

ತಾನಾಗಿ ಆರುವ ಸಿಗರೇಟು

ಹಾಸಿಗೆ, ಸೋಫಾಗಳ ಮೇಲೆ ಬಿದ್ದ ಸಿಗರೇಟಿನಿಂದ ಮನೆಗಳು ಸುಡುವುದನ್ನು ತಡೆಯಲು ನ್ಯೂಯಾರ್ಕ್ ರಾಜ್ಯ 2004ರ ಜೂನ್‌ನಲ್ಲಿ ತಾನಾಗಿ ಆರುವ ಸಿಗರೇಟನ್ನೇ ಮಾರಬೇಕೆಂಬ ಹೊಸ ನಿಯಮ ತಂದಿತು. 2011ರ ನವೆಂಬರಿನಲ್ಲಿ ಐರೋಪ್ಯ ಒಕ್ಕೂಟವೂ ಅದೇ ದಾರಿ ಹಿಡಿಯಿತು. ಇಂಥ ಸಿಗರೇಟಿನ ಕಾಗದದಲ್ಲಿ ಗಾಳಿ ನುಸುಳದ ಒಂದೆರಡು ಪಟ್ಟಿಗಳಿರುತ್ತವೆ. ಸೇದದೆ ಬಿಟ್ಟರೆ ಕೆಂಡ ಪಟ್ಟಿಯವರೆಗೆ ಬಂದು ಉಸಿರುಕಟ್ಟಿ ನಿಲ್ಲುತ್ತದೆ. ಪರೀಕ್ಷೆ ಸರಳ: ಸೋಸುಕಾಗದದ ಹತ್ತು ಪದರಗಳ ಮೇಲೆ ಹೊತ್ತಿಸಿದ ಸಿಗರೇಟುಗಳನ್ನು ಮಲಗಿಸುತ್ತಾರೆ, ನೂರಕ್ಕೆ 75ರಷ್ಟಾದರೂ ಪೂರ್ತಿ ಉರಿಯದೆ ಆರಬೇಕು. ಸ್ನಫರಿನ ಕೆಲಸದ ಅರ್ಧವನ್ನು ಹೀಗೆ ಸಿಗರೇಟೇ ವಹಿಸಿಕೊಂಡಿತು. ಬೇಡವೆಂದರೂ ಅರ್ಧ ಸಿಗರೇಟು ಕೈಯಲ್ಲಿ ಉಳಿಯತೊಡಗಿತು.

ಬೀಡಿ ಸೇದುವವರಿಗೆ ಇದರಲ್ಲಿ ಹೊಸತೇನೂ ಕಾಣದು. ಬೀಡಿ ಎಲೆ ಕಾಗದದಂತೆ ಗಾಳಿಯಾಡುವುದಿಲ್ಲ, ಸುಲಭವಾಗಿ ಹೊತ್ತುವುದೂ ಇಲ್ಲ. ಮಾತಿನ ಭರದಲ್ಲಿ ಎರಡು ದಮ್ಮು ತಪ್ಪಿದರೆ ಬೀಡಿ ಆರಿರುತ್ತದೆ. ಮೋಟು ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು, ಬೇಕಾದಾಗ ಮತ್ತೆ ಹಚ್ಚುವ ಪದ್ಧತಿಗೆ ಈ ಗುಣವೇ ಆಧಾರ. ಉರಿವ ಬೀಡಿಯನ್ನು ಯಾರೂ ಕಿವಿಗೆ ಏರಿಸುವುದಿಲ್ಲವಲ್ಲ. ದಕ್ಷಿಣ ಕನ್ನಡದ ಮನೆಮನೆಯ ಜಗಲಿಯಲ್ಲಿ ಹೆಂಗಸರು ಸುತ್ತಿದ ಕೋಟ್ಯಂತರ ಬೀಡಿಗಳಿಗೆ ಯಾವ ಕಂಪನಿಯೂ ಸ್ನಫರ್ ಮಾಡಿಕೊಡದೆ ಹೋದದ್ದು ಅದರ ಅಗತ್ಯವೇ ಬೀಳದ್ದರಿಂದ.

ಪೂರ್ವಜರು

ಕನಲುವ ವಸ್ತುವನ್ನು ಕೊಳವೆಗೆಳೆದು ಉಸಿರುಕಟ್ಟಿಸುವ ಉಪಾಯ ಸಿಗರೇಟಿಗಿಂತ ಹಳೆಯದು. ನಮ್ಮ ಹಳ್ಳಿಗಳ ಚಕಮಕಿಯಲ್ಲಿ ಕಲ್ಲಿಗೆ ಉಕ್ಕು ಕುಟ್ಟಿ ಅರಳೆಗೆ ಕಿಡಿ ಹಾರಿಸಿ, ಬೀಡಿಯೋ ಚಿಲುಮೆಯೋ ಹೊತ್ತಿದ ಮೇಲೆ ಅರಳೆ ತೀರಿಹೋಗದಂತೆ ಕೊಳವೆಯ ಬಾಯಿ ಮುಚ್ಚುತ್ತಿದ್ದರು. ಯುರೋಪಿನ ಹಗ್ಗದ ಲೈಟರಿನದೂ ಇದೇ ಸೂತ್ರ: ಹೆಣೆದ ಹತ್ತಿಯ ಹುರಿಯ ತುದಿ ಕೆಂಪಾಗಿ ಕನಲುತ್ತದೆ, ಕೆಲಸ ಮುಗಿದೊಡನೆ ಹುರಿಯನ್ನು ಹಿತ್ತಾಳೆ ಕೊಳವೆಯೊಳಗೆ ಎಳೆದುಕೊಂಡರೆ ಆರುತ್ತದೆ. ಗಾಳಿಗೆ ಜ್ವಾಲೆ ನಿಲ್ಲದ ಕಡಲಿನ ಮೇಲೂ ಕಂದಕಗಳಲ್ಲೂ ಇದು ಮೆಚ್ಚಿನ ಸಾಧನವಾಗಿತ್ತು. ಹುರಿಯ ಜಾಗದಲ್ಲಿ ಸಿಗರೇಟು ಇಟ್ಟರೆ ಸ್ನಫರ್ ಸಿದ್ಧ.

ಎಡೋ ಕಾಲದ ಜಪಾನಿನಲ್ಲಿ ಇನ್ನೊಂದು ಸೊಗಸಾದ ಪೂರ್ವಜ ಸಿಗುತ್ತದೆ. ಅಲ್ಲಿನ 'ಕಿಸೆರು' ಎಂಬ ಚಿಲುಮೆಯ ಬಟ್ಟಲು ಬಟಾಣಿ ಕಾಳಿನಷ್ಟು ಚಿಕ್ಕದು; ಎರಡು ಮೂರು ದಮ್ಮಿಗೆ ತಂಬಾಕು ಮುಗಿಯುತ್ತದೆ. ತಂಬಾಕಿನ ಚೀಲವನ್ನು ಸೊಂಟಪಟ್ಟಿಗೆ ತೂಗುಹಾಕಲು 'ನೆತ್ಸುಕೆ' ಎಂಬ ಗುಂಡಿ ಇರುತ್ತಿತ್ತು. ಕೆಲವು ನೆತ್ಸುಕೆಗಳನ್ನು ಲೋಹದಲ್ಲಿ ಸಣ್ಣ ಬೋಗುಣಿಯಂತೆ ಮಾಡುತ್ತಿದ್ದರು, ಅವೇ 'ಸುಯಿಗಾರಾ-ಅಕೆ' ನೆತ್ಸುಕೆಗಳು. ಸೇದಿದವನು ಚಿಲುಮೆಯ ಕೆಂಡವನ್ನು ಆ ಬೋಗುಣಿಗೆ ಕೊಡವಿ, ಹೊಸ ತಂಬಾಕು ತುಂಬಿ, ಅದೇ ಕೆಂಡದಿಂದ ಮತ್ತೆ ಹಚ್ಚಿಕೊಳ್ಳುತ್ತಿದ್ದ. ಬೆಂಕಿಕಡ್ಡಿ ಇಲ್ಲದ ಕಾಲದಲ್ಲಿ ಉಳಿಸಿಕೊಳ್ಳಬೇಕಾದದ್ದು ತಂಬಾಕಿಗಿಂತ ಹೆಚ್ಚಾಗಿ ಬೆಂಕಿಯನ್ನು. ಜೇಬಿನ ಬೂದಿಬಟ್ಟಲು ಆ ದೇಶದಲ್ಲೇ ಮತ್ತೆ ಮನೆಮಾತಾದದ್ದು ಕಾಕತಾಳೀಯವಿರಬಹುದು, ಆದರೆ ಕಣ್ಣಿಗೆ ಹಿತವಾದ ಕಾಕತಾಳೀಯ.

ಬರದ ಕಾಲ

1880ರ ದಶಕದವರೆಗೆ ಸಿಗರೇಟು ಕೈಯಲ್ಲಿ ಸುತ್ತುವ ಸರಕು. ಅಮೆರಿಕದ ಜೇಮ್ಸ್ ಬಾನ್‌ಸ್ಯಾಕ್ ರೂಪಿಸಿದ ಯಂತ್ರ ಹತ್ತು ಗಂಟೆಯಲ್ಲಿ ಸುಮಾರು 1,20,000 ಸಿಗರೇಟು ಉಗುಳತೊಡಗಿದ ಮೇಲೆ ಅದು ಅಗ್ಗವಾಯಿತು. ಆದರೂ ಬಡವನಿಗೆ ಅಗ್ಗವಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಬೀದಿಯ ಮೋಟುಗಳನ್ನು ಹೆಕ್ಕುವುದೇ ಒಂದು ಕಸುಬು. ಹೆಕ್ಕಿದವರು ಅದನ್ನು ಬಿಡಿಸಿ ತಂಬಾಕನ್ನು ಪ್ಲಾಸ್ ಮೋಬೇರ್ ಎಂಬ ಚೌಕದ ಸಂತೆಯಲ್ಲಿ ಮಾರುತ್ತಿದ್ದರು. ಎಸೆದವನಿಗೆ ಕಸ, ಹೆಕ್ಕಿದವನಿಗೆ ಸರಕು. ಎಸೆಯುವವನಿಗೂ ಅದು ಸರಕೆಂದು ಹೊಳೆದಾಗ ಸ್ನಫರಿಗೆ ಬೇಡಿಕೆ ಹುಟ್ಟುತ್ತದೆ.

ಎರಡು ಮಹಾಯುದ್ಧಗಳು ಅದನ್ನು ಲಕ್ಷಾಂತರ ಜನರಿಗೆ ಹೊಳೆಯಿಸಿದವು. ಅರ್ಥಶಾಸ್ತ್ರಜ್ಞ ಆರ್. ಎ. ರಾಡ್‌ಫೋರ್ಡ್ ಯುದ್ಧಕೈದಿಯಾಗಿದ್ದ ಶಿಬಿರದ ಆರ್ಥಿಕತೆಯ ಮೇಲೆ 1945ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಪಠ್ಯಗಳಲ್ಲಿ ಬರುತ್ತದೆ. ರೆಡ್‌ಕ್ರಾಸ್ ಪೊಟ್ಟಣದಲ್ಲಿ ಬಂದ ಸಿಗರೇಟೇ ಅಲ್ಲಿ ನಾಣ್ಯ. ಬ್ರೆಡ್ಡು, ಅಂಗಿ, ಜ್ಯಾಮು ಎಲ್ಲದರ ಬೆಲೆಯೂ ಸಿಗರೇಟಿನಲ್ಲಿ. ಹಿಂದೆ ಚಿನ್ನದ ನಾಣ್ಯದ ಅಂಚು ಕೆರೆಯುತ್ತಿದ್ದವರಂತೆ ಇಲ್ಲಿನವರು ಸಿಗರೇಟನ್ನು ಬೆರಳುಗಳ ನಡುವೆ ಹೊರಳಿಸಿ ಒಂದಿಷ್ಟು ತಂಬಾಕು ಉದುರಿಸಿಕೊಂಡು, ಸೊರಗಿದ ಸಿಗರೇಟನ್ನು ಚಲಾವಣೆಗೆ ಬಿಡುತ್ತಿದ್ದರು. ಸೋತ ಜರ್ಮನಿಯಲ್ಲಿ 1948ರ ಜೂನ್‌ನ ಹೊಸ ನಾಣ್ಯವ್ಯವಸ್ಥೆ ಬರುವ ತನಕ ಕಾಳಸಂತೆಯ ಲೆಕ್ಕ ನಡೆದದ್ದು ಸಿಗರೇಟಿನಲ್ಲೇ. ಹಣವನ್ನು ಪೂರ್ತಿ ಸುಡುವ ಧೈರ್ಯ ಯಾರಿಗಿದ್ದೀತು? ಅರ್ಧ ಸೇದಿ ಡಬ್ಬಿಗಿಡುವುದು ಆಗ ಉಳಿತಾಯ ಖಾತೆ. ಜಾರ್ಜ್ ಆರ್ವೆಲ್ 1949ರ ಕಾದಂಬರಿ 'ನೈನ್‌ಟೀನ್ ಎಯ್ಟಿ-ಫೋರ್'ನಲ್ಲಿ ಬರಗೆಟ್ಟ ಲಂಡನ್ನನ್ನು ಕಟ್ಟುವಾಗ ಈ ವಿವರವನ್ನು ಬಿಟ್ಟಿಲ್ಲ. ನಾಯಕ ವಿನ್‌ಸ್ಟನ್ ಕ್ಯಾಂಟೀನಿನಲ್ಲಿ ತಾನಾಗಿ ಆರಿಹೋದ ಸಿಗರೇಟನ್ನು ಕೆಲಸ ಮುಗಿದ ಮೇಲೆ ಸೇದಲೆಂದು ಮೇಜಿನಂಚಿಗೆ ಹುಷಾರಾಗಿ ಇಡುತ್ತಾನೆ. ಅದರ ತಂಬಾಕು ಚೆಲ್ಲದೆ ಉಳಿದರೆ ಸಾಕೆಂಬುದು ಅವನ ಆತಂಕ. ಪಾಪ, ಅವನ ಹತ್ತಿರ ಸ್ನಫರ್ ಇರಲಿಲ್ಲ.

ಸೈನ್ಯಕ್ಕೆ ಇನ್ನೊಂದು ಚಿಂತೆಯಿತ್ತು. ಬಿದ್ದ ಮೋಟು ಶತ್ರುವಿಗೆ ದಾರಿ ತೋರುತ್ತದೆ, ಶಿಬಿರವನ್ನೂ ಗಲೀಜು ಮಾಡುತ್ತದೆ. ಆದ್ದರಿಂದ ಅಮೆರಿಕದ ಸೈನಿಕರಿಗೆ ಮೋಟನ್ನು ಬಿಚ್ಚುವ ಪಾಠ ಹೇಳಿಕೊಡುತ್ತಿದ್ದರು: ಕೆಂಡ ಉದುರಿಸು, ಕಾಗದ ಸೀಳು, ತಂಬಾಕನ್ನು ಗಾಳಿಗೆ ತೂರು, ಕಾಗದವನ್ನು ಸಾಸಿವೆಯಷ್ಟು ಉಂಡೆ ಮಾಡಿ ಎಸೆ. ಏನೂ ಉಳಿಯುವುದಿಲ್ಲ. ಫಿಲ್ಟರ್ ಇಲ್ಲದ ಸಿಗರೇಟಿಗೆ ಇದು ಸರಿಹೋಗುತ್ತಿತ್ತು.

ಫಿಲ್ಟರ್ ಬಂದ ಮೇಲೆ

1950ರ ದಶಕದಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸುದ್ದಿ ಹರಡಿದಾಗ ಕಂಪನಿಗಳು ಫಿಲ್ಟರ್ ಸಿಗರೇಟನ್ನು ಮುಂದೆ ಮಾಡಿದವು. ಅದರಿಂದ ಆರೋಗ್ಯಕ್ಕೆ ಆದ ಲಾಭದ ಮಾತು ಬೇರೆ; ಮೋಟಿನ ಸ್ವಭಾವ ಮಾತ್ರ ಬದಲಾಯಿತು. ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಸಾವಿರಾರು ಎಳೆಗಳ ಕಟ್ಟು ಈ ಫಿಲ್ಟರು. ಸೈನಿಕರ ಹಾಗೆ ಬಿಚ್ಚಿ ಗಾಳಿಗೆ ತೂರಿದರೂ ಇದು ಮಾಯವಾಗುವುದಿಲ್ಲ, ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ಎಲಿ ಸ್ಲಾಟರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಲೀಟರ್ ನೀರಿಗೆ ಸುಮಾರು ಒಂದು ಸೇದಿದ ಮೋಟಿನ ಸಾರ ಸೇರಿದಾಗ ಅದರಲ್ಲಿದ್ದ ಮೀನುಗಳಲ್ಲಿ ಅರ್ಧ ಸತ್ತವು. ಸಮುದ್ರದ ಒಂದು ಜಾತಿಯ ಮೀನು, ಸಿಹಿನೀರಿನ ಒಂದು ಜಾತಿಯ ಮೀನು, ಎರಡರಲ್ಲೂ ಇದೇ ಫಲಿತಾಂಶ. ಜೇಬಿನ ಡಬ್ಬಿ ತಿಜೋರಿಯ ಕೆಲಸ ಬಿಟ್ಟು ತಿಪ್ಪೆಯ ಕೆಲಸಕ್ಕೆ ನಿಂತದ್ದು ಇಲ್ಲಿಂದ ಮುಂದೆ.

ಜಪಾನ್

ಈ ಎರಡನೆಯ ಜನ್ಮದ ತವರು ಜಪಾನ್. ಅಲ್ಲಿ 1966ರಲ್ಲಿ ವಯಸ್ಕ ಗಂಡಸರಲ್ಲಿ ನೂರಕ್ಕೆ ಸುಮಾರು 84 ಮಂದಿ ಸೇದುತ್ತಿದ್ದರು. ರೈಲು ನಿಲ್ದಾಣದ ಹಳಿಗಳ ನಡುವೆ ಮೋಟಿನ ರಾಶಿ ಬೀಳುವುದು ಸಹಜ ದೃಶ್ಯವಾಗಿದ್ದ ಕಾಲ ಅದು. ಅಲ್ಲಿ ಜೇಬಿನ ಬೂದಿಬಟ್ಟಲಿಗೆ 'ಕೇತಾಯ್ ಹೈಜಾರಾ' ಎಂದು ಹೆಸರು. ಕೇತಾಯ್ ಎಂದರೆ ಜೊತೆಗೆ ಒಯ್ಯುವಂಥದ್ದು. ಮೊಬೈಲ್ ಫೋನನ್ನೂ ಜನ ಹಾಗೆಯೇ ಕರೆಯುತ್ತಾರೆ. ಹೆಚ್ಚು ಕಾಣುವ ಬಗೆ ಕೊಳವೆಯಲ್ಲ, ಒಳಗೆ ಅಲ್ಯೂಮಿನಿಯಂ ಹಾಳೆಯ ಪದರವಿರುವ ಮೆತ್ತನೆಯ ಚೀಲ. ಒತ್ತುಗುಂಡಿಯ ಬಾಯಿ ತೆರೆದು, ಕೆಂಡವಿರುವ ಮೋಟನ್ನೇ ಒಳಗೆ ತಳ್ಳಿ, ಹೊರಗಿನಿಂದ ಹಿಚುಕಿ ಆರಿಸಬಹುದು. ನೂರು ಯೆನ್ ಅಂಗಡಿಯಲ್ಲಿ ಸಿಗುವ ಇಂಥ ಚೀಲದಿಂದ ಹಿಡಿದು, ಉಡುಗೊರೆಗೆ ಕೊಡುವ ಗಡಿಯಾರದಾಕಾರದ ಲೋಹದ ಡಬ್ಬಿಯವರೆಗೆ ನೂರೆಂಟು ಬಗೆ. ಇವುಗಳಲ್ಲಿ ಅರ್ಧ ಸಿಗರೇಟನ್ನು ಉಳಿಸಲಾಗದು. ಹಿಚುಕಿದ ಮೇಲೆ ಉಳಿಯುವುದೇನು?

ಟೋಕಿಯೊದ ಚಿಯೋದಾ ವಾರ್ಡು 2002ರಲ್ಲಿ ಬೀದಿಯಲ್ಲಿ ನಡೆಯುತ್ತ ಸೇದುವುದನ್ನು ನಿಷೇಧಿಸಿ, ಸಿಕ್ಕಿಬಿದ್ದವರಿಗೆ 2,000 ಯೆನ್ ವಿಧಿಸತೊಡಗಿತು. ಬೀದಿ ಧೂಮಪಾನಕ್ಕೆ ದಂಡ ಹಾಕಿದ ದೇಶದ ಮೊದಲ ಆಡಳಿತ ಅದು. ಜೇಬಿನಲ್ಲಿ ಬೂದಿಬಟ್ಟಲಿದೆ ಎಂದು ತೋರಿಸಿದರೆ ದಂಡ ತಪ್ಪುವುದಿಲ್ಲ. ಇದೇ ಕಾಲದಲ್ಲಿ ಜಪಾನ್ ಟೊಬ್ಯಾಕೊ ಕಂಪನಿ ಸೇದುವವರಿಗೆ ಸಭ್ಯತೆ ಕಲಿಸುವ ಜಾಹೀರಾತುಗಳನ್ನು ರೈಲು ನಿಲ್ದಾಣಗಳಲ್ಲಿ ಅಂಟಿಸಿತು. ಹಸಿರು ಗೆರೆಯ ಪುಟ್ಟ ಚಿತ್ರಗಳು, ತಣ್ಣನೆಯ ಮಾತು: ಜನಜಂಗುಳಿಯಲ್ಲಿ 700 ಡಿಗ್ರಿಯ ಬೆಂಕಿ ಹಿಡಿದು ನಡೆಯುತ್ತಿದ್ದೀಯೆ, ನಿನ್ನ ಕೈಯ ಸಿಗರೇಟು ಮಗುವಿನ ಮುಖದ ಎತ್ತರಕ್ಕಿದೆ ಎಂಬ ಅರ್ಥದವು. ಅವು ಚೆನ್ನಾದ ಜಾಹೀರಾತುಗಳೇ. ಆದರೆ ಸಿಗರೇಟು ಮಾರುವವನೇ ಬೂದಿಬಟ್ಟಲಿನ ಮಹಿಮೆ ಸಾರಿದಾಗ ಪ್ಲಾಸ್ಟಿಕ್ ಫಿಲ್ಟರ್ ಯಾಕೆ ಬೇಕಿತ್ತೆಂಬ ಪ್ರಶ್ನೆ ಸೇದುವವನ ಜೇಬಿನೊಳಗೆ ಮಡಚಿಹೋಗುತ್ತದೆ. ಐರೋಪ್ಯ ಒಕ್ಕೂಟ 2019ರ ಒಮ್ಮೆ ಬಳಸುವ ಪ್ಲಾಸ್ಟಿಕ್‌ಗಳ ನಿರ್ದೇಶನದಲ್ಲಿ ಆ ಪ್ರಶ್ನೆಯನ್ನು ಹೊರಗೆಳೆದು, ಮೋಟು ಗುಡಿಸುವ ಖರ್ಚನ್ನು ತಯಾರಕರ ಮೇಲೆ ಹೊರಿಸಿತು. ಕಡಲತೀರದಲ್ಲಿ ಬೂದಿಬಟ್ಟಲು ಹಂಚುವುದಕ್ಕಿಂತ ಸೇದುವುದನ್ನೇ ನಿಲ್ಲಿಸಿದರೆ ಸುಲಭವೆಂದು ಬಾರ್ಸಿಲೋನಾ 2022ರಲ್ಲಿ ತೀರ್ಮಾನಿಸಿತು. 2025ರ ಜೂನ್ ಕೊನೆಯಿಂದ ಫ್ರಾನ್ಸಿನ ಕಡಲತೀರಗಳಲ್ಲೂ ನಿಷೇಧವಿದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಸ್ನಫರ್ ಎಂದೂ ಬೇರೂರಲಿಲ್ಲ. ಕಾರಣ ಪೆಟ್ಟಿಗೆ ಅಂಗಡಿಯಲ್ಲಿದೆ. ಇಲ್ಲಿ ಬಹುಮಂದಿ ಕೊಳ್ಳುವುದು ಪ್ಯಾಕನ್ನಲ್ಲ, ಬಿಡಿ ಸಿಗರೇಟನ್ನು. ಅಂಗಡಿಗೆ ತೂಗುಹಾಕಿದ ಹಗ್ಗದ ಕೆಂಡದಲ್ಲೋ ಲೈಟರಿನಲ್ಲೋ ಹಚ್ಚಿ, ಅಲ್ಲೇ ನಿಂತು ಚಹಾದ ಜೊತೆ ಮುಗಿಸುತ್ತಾರೆ. ಉಳಿದರೆ ಎದುರಿಗೆ ನಿಂತ ಗೆಳೆಯನಿಗೆ. ಅರ್ಧ ಸಿಗರೇಟನ್ನು ಕಾಪಾಡುವ ನಮ್ಮ ವಿಧಾನ ಅದನ್ನು ಹಂಚಿಕೊಳ್ಳುವುದು. ಒಬ್ಬನೇ ಇದ್ದರೆ ಖಾಲಿ ಬೆಂಕಿಪೊಟ್ಟಣವೋ ಕಿವಿಯೋ ಇದ್ದೇ ಇದೆ.

2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ನಿಷೇಧ ಬಂದು, 200 ರೂಪಾಯಿ ದಂಡ ನಿಗದಿಯಾಯಿತು. ಕರ್ನಾಟಕ 2017ರಲ್ಲಿ ಬಿಡಿ ಸಿಗರೇಟಿನ ಮಾರಾಟವನ್ನು ನಿಷೇಧಿಸುವ ಆದೇಶ ಹೊರಡಿಸಿತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ ದಂಡವನ್ನು 1,000 ರೂಪಾಯಿಗೆ ಏರಿಸಿ, ಕೊಳ್ಳುವವರ ಕನಿಷ್ಠ ವಯಸ್ಸನ್ನು 21ಕ್ಕೆ ಒಯ್ದಿತು. ಬಿಡಿ ಮಾರಾಟ ನಿಜಕ್ಕೂ ನಿಂತರೆ ಸ್ನಫರಿಗೆ ಇಲ್ಲೊಂದು ಮಾರುಕಟ್ಟೆ ಹುಟ್ಟಬಹುದು. ಪೆಟ್ಟಿಗೆ ಅಂಗಡಿಗಳನ್ನು ನೋಡಿದರೆ ಆ ಮಾರುಕಟ್ಟೆಗೆ ಅವಸರವೇನೂ ಕಾಣುವುದಿಲ್ಲ.

ಆರೋಗ್ಯ

ಸಿಗರೇಟು ಕಡಿಮೆ ಮಾಡಲು ಸ್ನಫರ್ ನೆರವಾಗುತ್ತದೆ ಎಂದು ಮಾರುವವರು ಹೇಳುವುದುಂಟು. ಎಣಿಕೆ ಕಡಿಮೆಯಾಗುತ್ತದೆ ನಿಜ, ಏಕೆಂದರೆ ಒಂದನ್ನು ಎರಡು ಸಲ ಸೇದಿದರೂ ಲೆಕ್ಕಕ್ಕೆ ಒಂದೇ. ದೇಹದ ಲೆಕ್ಕ ಹಾಗಲ್ಲ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಸಮಗ್ರ ವಿಶ್ಲೇಷಣೆಯ ಪ್ರಕಾರ ದಿನಕ್ಕೆ 20 ಸಿಗರೇಟು ಸೇದುವವನಿಗೆ ಹೃದ್ರೋಗದ ಅಪಾಯ ಎಷ್ಟು ಹೆಚ್ಚುತ್ತದೋ, ದಿನಕ್ಕೆ ಒಂದೇ ಒಂದು ಸೇದುವವನಿಗೂ ಅದರ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚುತ್ತದೆ. ಇಪ್ಪತ್ತರಲ್ಲಿ ಒಂದು ಪಾಲು ಎಂದು ಭಾಗಾಕಾರ ಮಾಡಿ ನೆಮ್ಮದಿ ಪಡುವಂತಿಲ್ಲ. ಜೊತೆಗೆ ಉಳಿಸಿಟ್ಟ ತುಂಡಿನ ಖಾರದ ದಮ್ಮುಗಳನ್ನು ನಿಕೋಟಿನ್ ಹಸಿದವನು ಇನ್ನಷ್ಟು ಜೋರಾಗಿ ಎಳೆಯುತ್ತಾನೆ.

ಕೆಂಡವಿಲ್ಲದ ಕಡ್ಡಿ

2014ರಲ್ಲಿ ನಗೋಯಾದಲ್ಲಿ ಪರೀಕ್ಷೆಗಿಳಿದ ತಂಬಾಕು ಕಾಯಿಸುವ ಸಾಧನಗಳು ಕೆಲವೇ ವರ್ಷಗಳಲ್ಲಿ ಜಪಾನನ್ನು ಆವರಿಸಿದವು. ಭಾರತದ 2019ರ ಇ-ಸಿಗರೇಟ್ ನಿಷೇಧ ಕಾಯ್ದೆ ಅವನ್ನೂ ಒಳಗೊಳ್ಳುತ್ತದೆ. ಇವು ತಂಬಾಕನ್ನು ಸುಡುವುದಿಲ್ಲ, ವಿದ್ಯುತ್ತಿನಿಂದ ಬಿಸಿ ಮಾಡುತ್ತವೆ. ಆರಿಸಲು ಕೆಂಡವಿಲ್ಲ, ಕೊಡವಲು ಬೂದಿಯಿಲ್ಲ. ನಿಗದಿತ ನಿಮಿಷಗಳು ಮುಗಿದರೆ ಕಡ್ಡಿಯ ಕೆಲಸ ಮುಗಿಯಿತು. ಉಳಿಸಿಟ್ಟು ಮತ್ತೆ ಕಾಯಿಸಲು ಬರುವುದಿಲ್ಲ. ಹಾಗಿದ್ದೂ ಜಪಾನಿನ ಅಂಗಡಿಗಳಲ್ಲಿ ಬಳಸಿದ ಕಡ್ಡಿ ಹಾಕಲು ಜೇಬಿನ ಡಬ್ಬಿಗಳು ಮಾರಾಟಕ್ಕಿವೆ. ಅದರೊಳಗೆ ಇಣುಕಿದರೆ ಕಾಣುವ ಕಡ್ಡಿಗಳೆಲ್ಲ ಪೊಟ್ಟಣದಿಂದ ಆಗಷ್ಟೇ ತೆಗೆದವುಗಳಷ್ಟೇ ಉದ್ದ.